ಲಾರಿ ಬೇಕಿತ್ತು, ಕಾರು ಬಂತು

ನಮ್ಮ ಮನೆಯಲ್ಲಿ ಕಾರು ಇತ್ತು ಎಂದರೆ ಈಗಲೂ ಜನ ಹುಬ್ಬೇರಿಸುತ್ತಾರೆ. ‘ಆ ಕಾಲದಲ್ಲೇ ಕಾರಾ!’ ಎನ್ನುತ್ತಾರೆ. ಹೌದು ಸ್ವಾಮಿ, ಆ ಕಾಲದಲ್ಲೇ. ಮಹಾರಾಜರ ಕಾಲದಲ್ಲಿ, ಹುಣಸೂರಿನಂಥ ಹುಣಸೂರಿನಲ್ಲೇ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದಾಗ, ಅದರಲ್ಲೊಂದು ನಮ್ಮ ಜಗಲಿಯ ಮುಂದೆ ನಿಂತಿತ್ತು. ಅದು ಬಂದದ್ದರಿಂದ ನನ್ನ ಸಂಸಾರ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಯಾವ ಬಣ್ಣದ ಕಾರು ಎಂದು ಕೇಳುತ್ತಾರೆ. ಹಸಿರು. ಸುಡುಗಾಡು ಹಸಿರು. ಸಾಕೇ?

ನಾನು ಮದುವೆಯಾಗಿ ಬಂದದ್ದು ಕೂಡುಕುಟುಂಬಕ್ಕೆ. ಹೊಗೆಸೊಪ್ಪು ಮತ್ತು ಭತ್ತದ ವ್ಯಾಪಾರ. ಅತ್ತೆ ಮಾವ ಇಬ್ಬರೂ ಇರಲಿಲ್ಲ. ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ, ಮನೆಗೆ ಯಜಮಾನರು. ಅವರು ಅಂಗಡಿಯಲ್ಲಿ ದಿಂಬಿಗೆ ಒರಗಿ ಕೂರುವವರು. ನಮ್ಮವರು ಎತ್ತಿನ ಗಾಡಿ ಕಟ್ಟಿಕೊಂಡು ರಾವಂದೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಎಂದು ಊರೂರು ಅಲೆದು ಸೊಪ್ಪು ಹೇರಿಕೊಂಡು ಬರುವವರು. ದುಡಿಯುವುದು ತಮ್ಮ, ಮೀಸೆ ತಿರುವುವುದು ಅಣ್ಣ. ಮಡಿಕೇರಿಗೆ ಹೋಗುವ ಬಸ್ಸು ಹುಣಸೂರಿನಲ್ಲಿ ನಿಂತಾಗ ಅದರ ಡ್ರೈವರನ ಹಿಂದೆ ಬಿದ್ದು ನಮ್ಮವರು ಮೋಟಾರು ಓಡಿಸುವುದನ್ನೂ ಕಲಿತಿದ್ದರು.

ನನಗೆ ಬೇಕಾಗಿದ್ದದ್ದು ಒಂದೇ, ನನ್ನದೇ ಒಂದು ಒಲೆ. ಓರಗಿತ್ತಿ ಕೆಟ್ಟವಳೆಂದು ನಾನು ಹೇಳುವುದಿಲ್ಲ. ಆದರೆ ಬೆಣ್ಣೆಯ ಗಡಿಗೆ ಯಾರ ಕೈಯಲ್ಲಿದೆಯೋ ಅವಳದೇ ದರ್ಬಾರು. ನನ್ನ ಮಗು ಹಾಲು ಕೇಳಿದರೆ ನಾನು ಅವಳ ಮುಖ ನೋಡಬೇಕಾಗಿತ್ತು. ಗಂಡನಿಗೆ ಹೇಳಿ ಹೇಳಿ ಅವರನ್ನೂ ಒಪ್ಪಿಸಿದ್ದೆ. ಎಡತೊರೆಯ ಪಕ್ಕದ ದಿಣ್ಣೆಯಲ್ಲಿ ಕೃಷ್ಣರಾಜನಗರ ಎಂದು ಹೊಸ ಊರು ಕಟ್ಟಿದ್ದರಲ್ಲ, ಅಲ್ಲಿ ಅಕ್ಕಿ ಮಿಲ್ಲುಗಳು ಏಳುತ್ತಿದ್ದವು. ಸಾಲಿಗ್ರಾಮದ ಕಡೆಯ ಭತ್ತವನ್ನು ಮಿಲ್ಲಿಗೆ ತರುವುದು, ಅಕ್ಕಿಯನ್ನು ರೈಲು ಸ್ಟೇಷನ್ನಿಗೆ ಹಾಕುವುದು. ಒಂದು ಲಾರಿಯಿದ್ದರೆ ಕೈತುಂಬ ಕೆಲಸ. ‘ಲಾರಿ ಬಂದ್ರೆ ನಾವು ಅಲ್ಲೇ ಓಗಿ ಇರದು ಕಣೇ. ಅಗಲವಾದ ಬೀದಿ, ನಮ್ದೇ ಮನೆ,’ ಎಂದಿದ್ದರು. ನಾನು ನೋಡದ ಆ ಊರಿನಲ್ಲಿ ನನ್ನ ಒಲೆಯನ್ನು ಯಾವ ಮೂಲೆಗೆ ಹಾಕಬೇಕು ಎಂದೂ ಯೋಚಿಸಿಟ್ಟಿದ್ದೆ.

ಒಂದು ಮೋಟಾರು ಕೊಳ್ಳುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹೊಸದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಳೆಯವು ಎರಡು ಬಂದವು, ಎರಡೂ ಒಂದೇ ವಾರದಲ್ಲಿ.

ಕಾರನ್ನು ತರಿಸಿದವರು ಭಾವ. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಲು ಬಿಟ್ಟಿದ್ದು. ನೆಲದಿಂದ ಎತ್ತರ, ತೋಟದ ಕೊರಕಲು ದಾರಿಯಲ್ಲೂ ಹತ್ತುತ್ತದಂತೆ. ಏಳು ಜನ ಕೂರಬಹುದು. ಮೇಲೆ ಮಡಚುವ ಬಟ್ಟೆಯ ಮುಚ್ಚಿಗೆ, ಒಳಗೆ ಚರ್ಮದ ಸೀಟು, ಪಕ್ಕದಲ್ಲಿ ಹಿಚುಕಿದರೆ ಕೂಗುವ ಹಾರನ್ನು. ಹಿಂದಿನ ಸೀಟಿನ ತುಂಬ ದೊರೆಯ ನಾಯಿಯ ಕೂದಲು. ಓರಗಿತ್ತಿ ಅದನ್ನು ನೋಡಿ ‘ಶಿವಶಿವಾ’ ಎಂದು ಒಳಗೆ ಓಡಿ ಗಂಜಲ ತಂದು ಚಿಮುಕಿಸಿದಳು.

ಲಾರಿಯನ್ನು ಹುಡುಕಿದವರು ನಮ್ಮವರು. ಹೆಗ್ಗಡದೇವನಕೋಟೆಯ ಕಡೆ ಕಾಡಿನಿಂದ ಮರ ಸಾಗಿಸುತ್ತಿದ್ದ ಕಂಟ್ರಾಕ್ಟರರದು. ಅದರ ರೂಪವನ್ನು ಏನೆಂದು ಹೇಳಲಿ! ಮುಂದೆ ಇಬ್ಬರು ಕೂರುವ ಹಲಗೆ, ಬಾಗಿಲಿನ ಜಾಗದಲ್ಲಿ ಹಗ್ಗ, ಹಿಂದೆ ಬರೀ ಮರದ ತೊಟ್ಟಿ. ಮಡ್‌ಗಾರ್ಡು ನೆಗ್ಗಿತ್ತು. ಒಂದೇ ಒಂದು ದೀಪ. ಓರಗಿತ್ತಿ ಕಿಸಕ್ಕನೆ ನಕ್ಕಳು. ನನಗೂ ನಗು ಬಂತು, ಆದರೆ ನನ್ನ ಒಲೆ ಅದರ ಮೇಲೇ ಹೋಗಬೇಕಾಗಿತ್ತು, ಅದಕ್ಕೇ ನಗಲಿಲ್ಲ.

ನಮ್ಮವರು ಅಂಗಿ ಬಿಚ್ಚಿಟ್ಟು ಎರಡರ ಅಡಿಗೂ ತೂರಿದರು. ಸುತ್ತಿಗೆಯಿಂದ ಅಡಿಯ ಕಬ್ಬಿಣದ ಪಟ್ಟಿಗಳನ್ನು ತಟ್ಟಿ ನೋಡಿದರು, ಇಂಜಿನ್ನಿಗೆ ಕಿವಿಯಿಟ್ಟರು. ಎರಡನ್ನೂ ಹೊಳೆಯ ಕಡೆಗೆ ಓಡಿಸಿಕೊಂಡು ಹೋಗಿ ದಿಬ್ಬ ಹತ್ತಿಸಿ ಬಂದರು. ಲಾರಿ ಗೊಣಗಿಕೊಂಡೇ ಹತ್ತಿತಂತೆ. ಕಾರು ಅರ್ಧಕ್ಕೇ ಕುದಿಯಲು ಶುರುಮಾಡಿತಂತೆ. ಜಗಲಿಯ ಮೇಲೆ ಕೂತು ಅಣ್ಣನಿಗೆ ಹೇಳಿದರು:

‘ಅಣ್ಣ, ಕಾರು ಬೆಟ್ಟ ಹತ್ತಿ ಹತ್ತಿ ಒಳಗೆ ಸವೆದೋಗದೆ. ಎಣ್ಣೆ ಕುಡೀತದೆ, ಪೆಟ್ರೋಲಂತೂ ಕೇಳ್ಲೇಬ್ಯಾಡ. ಲಾರಿ ಮೇಲಷ್ಟೇ ನೆಗ್ಗಿರದು, ಇಂಜಿನ್ನು ಕಲ್ಲು ಇದ್ದಂಗದೆ.’

ಭಾವ ನೋಡಿದ ರೀತಿಯೇ ಬೇರೆ. ಎತ್ತು ಕೊಳ್ಳುವಾಗ ನೋಡುವ ಹಾಗೆ ಮುಂದೆ ನಿಂತು ನೋಡಿದರು, ಹಿಂದೆ ನಿಂತು ನೋಡಿದರು, ಬೆನ್ನು ಸವರಿದರು. ಹಲ್ಲು ಎಣಿಸಲಿಲ್ಲ, ಅಷ್ಟೇ.

‘ಇದ್ನ ಮನೆ ಮುಂದೆ ನಿಲ್ಸುದ್ರೆ ಸೌದೆ ಮಾರೋರ ಮನೆ ಅಂತಾರೆ ಕಣೋ,’ ಎಂದರು ಲಾರಿ ತೋರಿಸಿ. ‘ಕಾರಿಗೇನು ಕಮ್ಮಿ? ಅಮಲ್ದಾರ್ರು ಬಾಡಿಗೆಗೆ ಕರೀತಾರೆ, ಡಾಕ್ಟ್ರು ಕರೀತಾರೆ, ಮದ್ವೆ ಮನೆಯೋರು ಕರೀತಾರೆ. ಏಳ್ ಜನ ಕೂತ್ರೆ ಏಳ್ ಬಾಡಿಗೆ.’

‘ಅಣ್ಣ, ಜನ ಇಳ್ದು ಮಾತಾಡ್ತಾ ಮಾತಾಡ್ತಾ ಹೊಂಟೋಯ್ತಾರೆ. ಮೂಟೆ ಹಂಗಲ್ಲ. ಬಾಡಿಗೆ ಕೊಡ್ದೆ ಇಳಿಯೋದೇ ಇಲ್ಲ.’

ನಾನು ಬಾಗಿಲ ಮರೆಯಲ್ಲಿದ್ದವಳು ‘ಸರಿಯಾಗಿ ಹೇಳಿದ್ರಿ’ ಎಂದು ಮನಸ್ಸಿನಲ್ಲೇ ಹಿಗ್ಗಿದೆ.  ಭಾವನ ಹತ್ತಿರ ಮಾತು ಮುಗಿದಿತ್ತು. ಆದರೆ ಮಾತು ಮುಗಿದರೆ ಸೋಲುವ ಜಾತಿಯವರಲ್ಲ ಅವರು. ‘ಆಯ್ತು, ಹೂ ಕೇಳುವ,’ ಎಂದರು.

ನಮ್ಮ ಕಡೆ ಮದುವೆಯಾಗಲಿ, ಬಾವಿ ತೋಡುವುದಾಗಲಿ, ಮನಸ್ಸು ಎರಡಾದರೆ ಗುಡಿಗೆ ಹೋಗಿ ದೇವರನ್ನು ಹೂ ಕೇಳುವುದುಂಟು. ಪೂಜಾರಪ್ಪ ಲಿಂಗದ ಬಲಕ್ಕೂ ಎಡಕ್ಕೂ ಒದ್ದೆ ಹೂವಿನ ಎಸಳು ಅಂಟಿಸುತ್ತಾನೆ. ಕೇಳುವವರು ಕೈಮುಗಿದು ಕೇಳಬೇಕು. ಬಲಗಡೆಯದು ಮೊದಲು ಜಾರಿದರೆ ಆಗಲಿ ಎಂದರ್ಥ, ಎಡಗಡೆಯದು ಜಾರಿದರೆ ಬೇಡ. ಅದರ ಮೇಲೆ ಮಾತಿಲ್ಲ. ನಮ್ಮವರೂ ಅಷ್ಟೇ, ಇಂಜಿನ್ನಿನ ವಿಷಯದಲ್ಲಿ ಅಷ್ಟು ಜಾಣರು, ಹೂವಿನ ಮುಂದೆ ಮಾತ್ರ ಮಗು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಭಾವ, ನಮ್ಮವರು, ನಾನು ಮೂವರೂ ಈಶ್ವರನ ಗುಡಿಗೆ ಹೋದೆವು. ಪೂಜಾರಪ್ಪ ಎಸಳು ಅಂಟಿಸಿ ಪಕ್ಕಕ್ಕೆ ಸರಿದ. ಭಾವ ಕೈಮುಗಿದು ಗಟ್ಟಿಯಾಗಿ ಕೇಳಿದರು: ‘ಸ್ವಾಮಿ, ಕಾರು ನಮ್ಮನೆಗೆ ಬರೋದು ನಿನಗೊಪ್ಪಿಗೆ ಇದ್ರೆ ಬಲಗಡೆ ಕೊಡಪ್ಪ.’

ಬಹಳ ಹೊತ್ತಾಯಿತು. ಬಲಗಡೆಯ ಎಸಳೇ ಜಾರಿತು.

ಇನ್ನು ಲಾರಿಯದನ್ನು ಕೇಳುತ್ತಾರೆ ಎಂದು ನಾನು ಕಾದೆ. ಭಾವ ಆಗಲೇ ಉದ್ದಂಡ ಬಿದ್ದಿದ್ದರು. ಪೂಜಾರಪ್ಪ ಮಂಗಳಾರತಿ ತಟ್ಟೆಗೆ ಕೈಹಾಕಿದ್ದ. ನನಗೆ ತಡೆಯಲಾಗಲಿಲ್ಲ. ‘ಭಾವಾ, ಲಾರಿದೂ ಒಂದ್ಸಲ ಕೇಳ್ಬುಡಿ,’ ಎಂದೆ.

ಅವರು ಎದ್ದು ಹಣೆಯ ಧೂಳು ಕೂಡ ಒರೆಸಿಕೊಳ್ಳದೆ ನನ್ನ ಕಡೆ ತಿರುಗಿದರು. ‘ಕೊಟ್ಟಿರೋ ದೇವ್ರನ್ನ ಇನ್ನೊಂದ್ಸಲ ಕೇಳದಾ? ಸ್ವಾಮಿನೇ ಪರೀಕ್ಷೆ ಮಾಡ್ತೀಯಾ? ಹೆಣ್ಣೆಂಗ್ಸು ಸುಮ್ಕೆ ನಿಂತ್ಕೊ.’

ನಾನು ಗಂಡನ ಮುಖ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಆರತಿ ತೆಗೆದುಕೊಳ್ಳುತ್ತಿದ್ದರು.

ದಾರಿಯಲ್ಲಿ ನಮ್ಮವರು ‘ದೇವ್ರೇ ಕೊಟ್ಟ ಮೇಲೆ ಮುಗೀತು ಬುಡು,’ ಎಂದರು. ‘ದೇವ್ರನ್ನ ಲಾರಿ ವಿಷ್ಯ ಕೇಳಿದ್ದು ಯಾರ್ರೀ?’ ಎಂದೆ.  ನನಗೆ ದೇವರ ಮೇಲೆ ಸಿಟ್ಟಿಲ್ಲ, ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟ. ಲಾರಿಯದನ್ನು ಕೇಳಿದ್ದರೆ ಅದಕ್ಕೂ ಬಲಗಡೆಯೇ ಕೊಡುತ್ತಿದ್ದನೋ ಏನೋ. ನನ್ನ ಸಿಟ್ಟೆಲ್ಲ ಕೇಳಿದವರ ಮೇಲೆ, ಮತ್ತು ಕೇಳಿಸಿಕೊಂಡು ಸುಮ್ಮನಿದ್ದವರ ಮೇಲೆ.

ಕಾರು ಮನೆಗೆ ಬಂತು. ಲಾರಿಯನ್ನು ಹಿಂದಿನ ಬೀದಿಯ ಹೊಗೆಸೊಪ್ಪಿನ ಸಾಹೇಬರು ಕೊಂಡರು. ಅವರ ಮನೆತನವೂ ನಮ್ಮ ಮನೆತನವೂ ಬಹಳ ದಿನದಿಂದ ಒಂದೇ ಸಂತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದವು. ಕೊಳ್ಳುವ ಮುಂಚೆ ಅವರು ಕೇಳಿದ್ದು ನಮ್ಮವರನ್ನೇ. ‘ತಮ್ಮಾ, ನೀನ್ ಕೆಳಗೆ ತೂರಿ ನೋಡಿದ್ದೀಯ. ಹೇಗೈತೆ?’ ನಮ್ಮವರು ಇದ್ದದ್ದನ್ನು ಇದ್ದಹಾಗೆ ಹೇಳಿ ಬಂದರು. ಇಂಥ ಗಂಡನನ್ನು ಕಟ್ಟಿಕೊಂಡು ಏಗಿದವಳು ನಾನು.

ಇನ್ನು ಕಾರಿನ ಬಾಡಿಗೆಯ ಕಥೆ. ಅಮಲ್ದಾರರು ಕರೆಯಲಿಲ್ಲ, ಅವರಿಗೆ ಕುದುರೆ ಇತ್ತು. ಡಾಕ್ಟರು ಒಮ್ಮೆ ಹತ್ತಿ, ದಾರಿಯಲ್ಲಿ ಅದು ಕುದ್ದು ನಿಂತಾಗ ಇಳಿದು ನಡೆದುಬಿಟ್ಟರು. ಆಮೇಲೆ ಹತ್ತಿದವರೆಲ್ಲ ನಮ್ಮ ಕಡೆಯವರೇ. ನೆಂಟರು, ನೆಂಟರ ನೆಂಟರು, ಮಠಕ್ಕೆ ಹೋಗುವವರು, ಮದುವೆಗೆ ಹೋಗುವವರು. ಯಾರಾದರೂ ಇಳಿಯುವಾಗ ನಮ್ಮವರು ತಡೆದು ನಿಂತರೆ ಸಾಕು, ‘ನಮ್ಮೋರತ್ರ ಬಾಡಿಗೆ ಕೇಳ್ತೀಯೇನೋ?’ ಎನ್ನುತ್ತಿದ್ದರು. ಕೇಳುವ ಹಾಗೂ ಇರಲಿಲ್ಲ. ಒಂದೇ ಮನೆದೇವರ ಒಕ್ಕಲಿನವರು ಗಾಡಿ ಹತ್ತಿದರೆ ಕೈಯೊಡ್ಡಬಾರದು ಎನ್ನುವುದು ಎತ್ತಿನ ಗಾಡಿಯ ಕಾಲದ ಕಟ್ಟಳೆ. ಎತ್ತು ಹುಲ್ಲು ತಿಂದು ಎಳೆಯುತ್ತಿತ್ತು, ನಡೆಯುತ್ತಿತ್ತು. ಈ ಭೂತ ಪೆಟ್ರೋಲು ಕುಡಿಯುತ್ತಿತ್ತು.

ಸುತ್ತಿನ ನಾಲ್ಕು ತಾಲ್ಲೂಕಿಗೂ ನಮ್ಮದೇ ಮದುವೆ ಕಾರು. ಗಂಡು ಇಳಿಯುವ ಮುಂಚೆ ಚಕ್ರಕ್ಕೆ ಅರಿಶಿನದ ನೀರು, ಮುಂದಿನ ಜಾಲರಿಗೆ ಕುಂಕುಮ, ಇಳಿದ ಮೇಲೆ ಬಂಪರಿಗೆ ಕಾಯಿ ಒಡೆಯುವುದು. ಏಳು ಜನದ ಜಾಗದಲ್ಲಿ ಮಕ್ಕಳು ಮರಿ ಸೇರಿ ಲೆಕ್ಕವಿಲ್ಲದಷ್ಟು. ನಮ್ಮವರು ಹೊಲದ ಬಾವಿ ಕಂಡಲ್ಲೆಲ್ಲ ನಿಲ್ಲಿಸಿ ಕುದಿಯುವ ಕಾರಿಗೆ ನೀರು ಬೇಡುವುದು. ಊಟಕ್ಕೆ ಕೂತರೆ ಮದುವೆ ಮನೆಯವರು ‘ಡ್ರೈವರಿಗೂ ಒಂದೆಲೆ ಹಾಕಿ’ ಎನ್ನುತ್ತಿದ್ದರು. ಮನೆಯ ಮಗನಿಗೆ, ಡ್ರೈವರಿಗೂ ಒಂದೆಲೆ! ನನ್ನನ್ನಂತೂ ಕೇಳಲೇ ಬೇಡಿ. ಭಾವ, ಓರಗಿತ್ತಿ, ಅವಳ ತವರಿನವರು ಕಾರಿನಲ್ಲಿ. ಕಾರು ಓಡಿಸುವವನ ಹೆಂಡತಿ ಹಿಂದೆ ಎತ್ತಿನ ಗಾಡಿಯಲ್ಲಿ, ಅದರ ಧೂಳು ಕುಡಿದುಕೊಂಡು.

ಬೇರೆ ಲಾರಿ ಕೊಳ್ಳುವ ಮಾತು ತೆಗೆದಾಗಲೆಲ್ಲ ಭಾವ ‘ಕಾರು ಒಂದ್ ದಾರಿಗೆ ಬರ್ಲಿ ತಡಿಯೋ’ ಎನ್ನುತ್ತಿದ್ದರು. ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲಿಗೆ ರೇಷನ್ ಚೀಟಿ ಬಂತು. ಕಾರಿಗೆ ಸಿಗುವ ಪೆಟ್ರೋಲು ಅದನ್ನು ಅದಕ್ಕೆಂದೇ ಕಟ್ಟಿಸಿದ್ದ ಶೆಡ್ಡಿನಿಂದ ಹೊರಗೆ ತರಲಿಕ್ಕೂ ಸಾಲದಾಯಿತು. ಸಾಹೇಬರು ಲಾರಿಗೆ ಇದ್ದಿಲಿನ ಗ್ಯಾಸಿನ ಒಲೆ ಕಟ್ಟಿಸಿದರು. ದೊಡ್ಡ ಪೀಪಾಯಿಯೊಂದನ್ನು ಪಕ್ಕಕ್ಕೆ ಸಿಕ್ಕಿಸಿ, ಇದ್ದಿಲು ಉರಿಸಿ, ಅದರ ಹೊಗೆಯಲ್ಲೇ ಲಾರಿ ಓಡುವುದು. ಸೌದೆ, ಭತ್ತ, ಸೊಪ್ಪು, ಹೇರಿದ್ದಕ್ಕೆಲ್ಲ ಬಾಡಿಗೆ. ಆ ಒಲೆಯನ್ನು ಪಳಗಿಸುವವನು ಬೇಕಾಗಿತ್ತು. ಸಾಹೇಬರು ಕರೆದರು, ನಮ್ಮವರು ಹೋದರು. ತಾವೇ ಆರಿಸಿದ ಲಾರಿಯನ್ನು ಇನ್ನೊಬ್ಬರ ಕೂಲಿಗೆ ಓಡಿಸಿ, ಕಣ್ಣು ಕೆಂಪಗೆ ಮಾಡಿಕೊಂಡು, ಇದ್ದಿಲಿನ ಕೆಮ್ಮು ಕೆಮ್ಮುತ್ತ ಮನೆಗೆ ಬರುತ್ತಿದ್ದರು. 

ಕೂಲಿಯವನಾದ ತಮ್ಮ ಜೊತೆಗಿದ್ದರೆ ಮರ್ಯಾದೆ ಕಮ್ಮಿ ಎಂದೋ ಏನೋ, ಭಾವನೇ ಪಾಲಿನ ಮಾತು ತೆಗೆದರು. ನಾಲ್ಕು ಜನ ಹಿರಿಯರನ್ನು ಜಗಲಿಯಲ್ಲಿ ಕೂರಿಸಿಕೊಂಡರು. ಮನೆ, ಅಂಗಡಿ, ಗದ್ದೆ ಹಿರಿಯನಿಗೆ, ಯಜಮಾನಿಕೆ ನಡೆಸಬೇಕಲ್ಲ. ಕಾರು, ಕಾರು ನಿಲ್ಲಿಸುವ ತಗಡಿನ ಶೆಡ್ಡು, ಹಿತ್ತಲ ಬಾವಿಯಲ್ಲಿ ನೀರು ಸೇದುವ ಹಕ್ಕು ಕಿರಿಯನಿಗೆ. ‘ಕಾರು ಅಂದ್ರೆ ಸಾಮಾನ್ಯವಾ? ಅಣ್ಣ ದೊಡ್ಡ ಮನಸ್ಸು ಮಾಡವ್ನೆ,’ ಎಂದರು ಹಿರಿಯರು. ಎಲ್ಲರೂ ಅದರಲ್ಲಿ ಬಿಟ್ಟಿ ಕೂತವರೇ.

‘ಒಪ್ಪಬೇಡಿ’ ಎಂದು ನಾನು ಒಳಗಿನಿಂದ ಕೂಗಿದೆ. ನಮ್ಮವರು ಒಪ್ಪಿದರು. ‘ಅಣ್ಣ ಕೈಯೆತ್ತಿ ಕೊಟ್ಟಿದ್ನ ಬ್ಯಾಡ ಅನ್ನಕಾಯ್ತದಾ?’ ಎಂದರು ನನಗೆ.

ಹೀಗೆ ನನಗೆ ನನ್ನದೇ ಒಲೆ ಸಿಕ್ಕಿತು, ತಗಡಿನ ಶೆಡ್ಡಿನಲ್ಲಿ, ಕಾರಿನ ಹಿಂದಿನ ಚಕ್ರದ ಪಕ್ಕದಲ್ಲಿ. ಶೆಡ್ಡಿನ ಮುಕ್ಕಾಲು ಪಾಲು ಕಾರೇ ತುಂಬಿಕೊಂಡಿತ್ತು. ನಾವು ಗೋಡೆಗೂ ಅದಕ್ಕೂ ನಡುವೆ ಅಡ್ಡಡ್ಡ ನಡೆಯುತ್ತಿದ್ದೆವು. ರಾಗಿ ಗಡಿಗೆ, ಅಕ್ಕಿ ಚೀಲ ಮುಂದಿನ ಸೀಟಿನಲ್ಲಿ. ಮಗು ಹಿಂದಿನ ಸೀಟಿನಲ್ಲಿ ಮಲಗುತ್ತಿತ್ತು. ಮಾರಿಬಿಡಿ ಎಂದರೆ ಪೆಟ್ರೋಲಿಲ್ಲದ ಕಾಲದಲ್ಲಿ ಅದನ್ನು ಕೇಳುವವರಿಲ್ಲ. ಟೈರಿಗೆ ಮಾತ್ರ ಒಬ್ಬ ಬಂದಿದ್ದ, ಟೈರು ಆಗ ಕಣ್ಣಿಗೆ ಕಾಣದ ವಸ್ತು. ‘ಟೈರ್ ಬಿಚ್ಚಿ ಕಲ್ಲಿನ ಮೇಲೆ ಕೂರ್ಸುದ್ರೆ ಅಣ್ಣ ಏನ್ ಅಂದ್ಕತಾನೆ?’ ಎಂದು ಅವನನ್ನೂ ಕಳಿಸಿದರು. ಸೀಮೆಎಣ್ಣೆಯ ಡಿಪೋಗೆ ಹೋದರೆ ಅಲ್ಲಿಯ ಗುಮಾಸ್ತೆ ನನ್ನ ಬಾಟಲಿ ನೋಡಿ ನಕ್ಕ. ‘ಕಾರಿರೋರು ನೀವು. ನಿಮಗ್ಯಾಕಮ್ಮ ಈ ಸಾಲು?’

ಆ ತಗಡಿನಡಿ ಒಂದು ಬೇಸಿಗೆ ಬೆಂದೆವು. ಆಮೇಲೆ, ಒಂದು ಗುರುವಾರ, ಸಾಹೇಬರು ಶೆಡ್ಡಿನ ಬಾಗಿಲಿಗೇ ಬಂದರು. ಒಳಗೆ ಕಣ್ಣು ಹಾಯಿಸಿದರು, ಹೊರಗೇ ಕಲ್ಲಿನ ಮೇಲೆ ಕೂತರು. ಕೃಷ್ಣರಾಜನಗರದ ಮಿಲ್ಲೊಂದರ ಭತ್ತ ಸಾಗಿಸುವ ಕೆಲಸ ಅವರಿಗೆ ಸಿಕ್ಕಿತ್ತು.

‘ಲಾರಿ ನಿನ್ ಕೈಗೇ ಬುಡ್ತೀನಿ ತಮ್ಮಾ. ಇನ್ಮೇಲೆ ಕೂಲಿ ಅಲ್ಲ, ಪಾಲು. ಮಿಲ್ಲಿನ ಹಿಂದೆ ಎರಡು ಕೋಣೆ ಮನೆ ಕೊಡ್ತಾರೆ. ಆದ್ರೆ ಸೋಮವಾರ ಬೆಳಿಗ್ಗೆ ಲಾರಿ ಮಿಲ್ಲಿನ ಮುಂದೆ ನಿಂತಿರ್ಬೇಕು. ಜಬಾನ್ ಕೊಟ್ಟಿದ್ದೀನಿ, ಮಾತು ತಪ್ಪೋಂಗಿಲ್ಲ.’

ನಾನು ಒಳಗೇ ಅತ್ತುಬಿಟ್ಟೆ. ಎಷ್ಟೋ ವರ್ಷದ ಮೇಲೆ ಸಂತೋಷಕ್ಕೆ ಬಂದ ಅಳು. ಅಂದೇ ಪಾತ್ರೆಗಳನ್ನು ಗೋಣಿಗೆ ತುಂಬಿದೆ. ಕಾರು? ಹಾಳಾಗಿ ಹೋಗಲಿ, ಇಲ್ಲೇ ಇರಲಿ.

ಶನಿವಾರ ಭಾವ ಬಂದರು. ಅವರ ಮಗಳ ಮದುವೆ ಸೋಮವಾರ. ನಮಗೆ ಗೊತ್ತಿತ್ತು, ಊಟದ ಹೊತ್ತಿಗೆ ನಾನು ಮತ್ತು ಮಗು ಹೋಗಿಬರುವುದು, ನಮ್ಮವರು ಲಾರಿಯೊಡನೆ ಹೋಗುವುದು ಎಂದು ಮಾತಾಗಿತ್ತು. ಭಾವ ಕೂರಲೂ ಇಲ್ಲ. ‘ಗಂಡು ಹೆಣ್ಣು ಕಾರಲ್ಲೇ ಮೆರವಣಿಗೆ ಬರ್ಬೇಕು ಕಣೋ. ನಮ್ಮನೆ ಮದ್ವೆಗೇ ಕಾರಿಲ್ಲ ಅಂದ್ರೆ ಬೀಗರ ಮುಂದೆ ಮುಖ ಎತ್ತೋದೆಂಗೆ?’ ಎಂದರು.

‘ಪೆಟ್ರೋಲೆಲ್ಲಿ ಅಣ್ಣ?’

‘ಪೆಟ್ರೋಲ್ ಯಾಕೆ? ಎತ್ತು ಕಟ್ಟಿ ಎಳೆಸ್ತೀನಿ. ನೀನು ಚಕ್ರ ಹಿಡ್ಕಂಡು ಕೂತ್ಕೊ.’

ನಾನು ಬಾಯಿಬಿಟ್ಟೆ. ‘ಭಾವಾ, ಕಾರ್ ತಗೊಂಡೋಗಿ, ನಿಮ್ಮ ಮನೇಲೇ ಇಟ್ಕೊಳಿ. ಇವ್ರನ್ನ ಮಾತ್ರ ಬುಡಿ. ಸೋಮವಾರ ಇವ್ರು ಮಿಲ್ಲಿಗೆ ಓಗ್ಲೇಬೇಕು.’

‘ಮನೆ ಮಗಳ ಮದ್ವೆಗೆ ಚಿಕ್ಕಪ್ಪ ಇರಲ್ಲ, ಸಾಬರ ಲಾರಿ ಮೇಲೆ ಇರ್ತಾನೆ. ಬೋ ಚಂದಾಗದೆ,’ ಎಂದು ಭಾವ ಹೊರಟುಹೋದರು.

ಆ ರಾತ್ರಿ ಊಟಕ್ಕೆ ಕೂತವರ ಮುಂದೆ ನಾನು ತಟ್ಟೆ ಇಡಲಿಲ್ಲ. ‘ಎತ್ತು ಎಳೆಯೋ ಕಾರಿಗೆ ಡ್ರೈವರ್ ಯಾಕ್ರೀ ಬೇಕು? ಯಾರನ್ನಾದ್ರೂ ಕೂರ್ಸಲಿ,’ ಎಂದೆ. ಅವರು ‘ಅಣ್ಣ ಬಾಯ್ಬಿಟ್ಟು ಕೇಳವ್ನೆ. ಮಂಗಳವಾರ ಓಯ್ತೀನಿ ಬುಡು. ಸಾಹೇಬ್ರು ಒಂದಿನ ಕಾಯಕಿಲ್ವಾ?’ ಎಂದರು.

ಭಾನುವಾರ ಶೆಡ್ಡಿನ ಹೊರಗೆ ನಮ್ಮ ಸಂಸಾರವನ್ನೆಲ್ಲ ಕಾರಿನಿಂದ ಇಳಿಸಿದೆವು. ಗಡಿಗೆ, ಚೀಲ, ಮಗುವಿನ ಹಾಸಿಗೆ, ಎಲ್ಲ ನೆಲಕ್ಕೆ. ಸೋಮವಾರ ಬೀದಿಯುದ್ದಕ್ಕೂ ಓಲಗ. ಎರಡು ಜೊತೆ ಎತ್ತು ಮುಂದೆ, ಹಿಂದೆ ಹಗ್ಗ ಕಟ್ಟಿದ ಕಾರು, ಒಳಗೆ ಬಾಸಿಂಗ ಕಟ್ಟಿದ ಗಂಡು ಹೆಣ್ಣು. ಮುಂದಿನ ಸೀಟಿನಲ್ಲಿ ನನ್ನ ಗಂಡ, ಪೇಟ ಸುತ್ತಿಕೊಂಡು, ಎರಡೂ ಕೈಯಲ್ಲಿ ಚಕ್ರ ಹಿಡಿದುಕೊಂಡು. ತಿರುವಿನಲ್ಲಿ ಹಾರನ್ನು ಬೇರೆ ಹಿಚುಕಿದರು. ಜನ ಹೋ ಎಂದು ನಕ್ಕರು. ಅವರೂ ನಕ್ಕರು. ನನಗೆ ಆ ಕ್ಷಣ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಸಾಹೇಬರ ಮನೆಗೆ ಹೋದವರು ಹೋದಷ್ಟೇ ಬೇಗ ಬಂದರು. ಅವರ ಹಿಂದೆಯೇ ಸಾಹೇಬರೂ ಬಂದರು. ‘ಸೋಮವಾರ ಬಿಸಿಲೇರೋವರ್ಗೂ ಕಾದೆ ಕಣಮ್ಮ,’ ಎಂದರು ನನಗೆ. ‘ಮಿಲ್ಲಿನೋರು ಆಳು ಕಳಿಸಿದ್ರು. ನನ್ನ ತಂಗಿ ಮಗನ್ನ ಕೂರ್ಸಿ ಕಳಿಸ್ಬುಟ್ಟೆ. ಅವನ ಹೆಂಡ್ತಿ ಮಕ್ಕಳೂ ಆ ಮನೆಗೆ ಓದ್ರು.’ ತಪ್ಪು ಅವರದಲ್ಲ. ಅವರು ತಲೆ ತಗ್ಗಿಸಿದ್ದನ್ನು ನೋಡಿ ನನಗೇ ನಾಚಿಕೆಯಾಯಿತು.

ಅವರು ಹೋದ ಮೇಲೆ ನಮ್ಮವರು ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಾರನ್ನು ಆಳುಗಳು ತಂದು ಅಲ್ಲೇ ಬಿಟ್ಟು ಹೋಗಿದ್ದರು. ಅದರ ಮೈತುಂಬ ಸಗಣಿ, ಅಕ್ಷತೆ, ಕೆಂಪು ಆರತಿ ನೀರು. ಒಲೆ ಹಚ್ಚಲಿಕ್ಕೂ ನನಗೆ ಮನಸ್ಸಿರಲಿಲ್ಲ. ಲಾರಿಯೂ ಹೋಗಿತ್ತು, ಕೂಲಿಯೂ ಹೋಗಿತ್ತು, ಆ ಎರಡು ಕೋಣೆಗಳಲ್ಲಿ ಇನ್ನಾರೋ ಹೆಂಗಸು ಹಾಲುಕ್ಕಿಸಿಯಾಗಿತ್ತು.

‘ಈಗೇನೇ ಮಾಡ್ಲಿ ನಾನು?’ ಎಂದು ಕೇಳಿದರು.

ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದೆ: ‘ಕಾರು ಒರ್ಸಿ.’

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು, ಒಳಗಿನಿಂದ ಒಂದು ಹಳೆಯ ಬಟ್ಟೆ ತಂದು, ಬಾವಿಯಲ್ಲಿ ನೀರು ಸೇದಿಕೊಂಡು ಬಂದು, ಒರೆಸಲು ಕೂತರು.